ಔಷಧ ಅಂತ ಕರೆದ ಪುಡಿ

ಅಳ್ನಾವರ ಅಂದಕೂಡ್ಲೇ ಬೆಂಗಳೂರಿನ ಗೆಳೆಯರು ಕೇಳೋದು ಒಂದೇ ಪ್ರಶ್ನೆ: ಅದು ಎಲ್ಲಿ ಬರುತ್ತೆ? ಧಾರವಾಡದಿಂದ ಲೋಂಡಾ ಕಡೆ ರೈಲು ಹತ್ತಿದ್ರೆ ಬಯಲು ಮುಗಿದು ಕಾಡು ಶುರುವಾಗೋ ಜಾಗ ಅಂತೀನಿ. ದಾಂಡೇಲಿ ಕಡೆಯ ಹಳಿ ಕವಲೊಡೆಯೋದು ಇಲ್ಲೇ. ಸ್ವಲ್ಪ ಮುಂದೆ ಹೋದ್ರೆ ಹಳಿಯಾಳ, ಅಂದ್ರೆ ಉತ್ತರ ಕನ್ನಡ ಜಿಲ್ಲೆ. ಈ ಎರಡು ಜಿಲ್ಲೆಗಳಿಗೂ ಒಂದು ಬಿಳಿ ಪುಡಿಗೂ ಹಳೇ ಸಂಬಂಧ ಇದೆ. ಆ ಪುಡಿಯ ಹೆಸರು ಡಿಡಿಟಿ.

1874ರಲ್ಲೇ ಯಾರೋ ಪ್ರಯೋಗಾಲಯದಲ್ಲಿ ತಯಾರಿಸಿ ಮರೆತಿದ್ದ ವಸ್ತು ಅದು. ಕೀಟಗಳನ್ನ ಕೊಲ್ಲುತ್ತೆ ಅಂತ 1939ರಲ್ಲಿ ಕಂಡುಹಿಡಿದವರು ಸ್ವಿಟ್ಜರ್ಲೆಂಡಿನ ಪಾಲ್ ಮುಲ್ಲರ್. 1948ರಲ್ಲಿ ಅವರಿಗೆ ನೊಬೆಲ್ ಬಂತು. ಅಷ್ಟರೊಳಗೆ ಎರಡನೇ ಮಹಾಯುದ್ಧದಲ್ಲಿ ಅದರ ಹೆಸರು ಎಲ್ಲ ಕಡೆ ಹಬ್ಬಿತ್ತು. 1943-44ರ ಚಳಿಗಾಲದಲ್ಲಿ ಇಟಲಿಯ ನೇಪಲ್ಸ್ ನಗರಕ್ಕೆ ಹೇನಿನಿಂದ ಹರಡೋ ಟೈಫಸ್ ಜ್ವರ ಬಡಿದಾಗ, ಹತ್ತು ಲಕ್ಷಕ್ಕೂ ಹೆಚ್ಚು ಜನರ ಅಂಗಿಯೊಳಗೆ, ಕಾಲರಿನೊಳಗೆ, ತಲೆಗೂದಲಿಗೆ ಈ ಪುಡಿಯನ್ನ ಪಂಪಿನಿಂದ ಊದಿದ್ರು. ಹೇನು ಸತ್ತವು, ಜ್ವರ ನಿಂತಿತು, ಜನ ಮಾತ್ರ ಎದ್ದು ಮನೆಗೆ ಹೋದ್ರು. ಮುಂದಿನ ಕತೆಯೆಲ್ಲ ಈ ಒಂದು ವಿಷಯದ ಮೇಲೇ ನಿಂತಿದೆ.

ಯುದ್ಧ ಮುಗಿದಮೇಲೆ ಪುಡಿ ನಮ್ಮ ಕಡೆ ಬಂತು. ಆಗ ಧಾರವಾಡ, ಉತ್ತರ ಕನ್ನಡ ಎರಡೂ ಮುಂಬೈ ಪ್ರಾಂತ್ಯದಲ್ಲಿದ್ದವು. ಡಿ. ಕೆ. ವಿಶ್ವನಾಥನ್ ಮತ್ತು ಟಿ. ರಾಮಚಂದ್ರ ರಾವ್ ಅನ್ನೋ ಇಬ್ಬರು ಈ ಎರಡೂ ಜಿಲ್ಲೆಗಳ ಹಳ್ಳಿ ಮನೆಗಳಿಗೆ ಡಿಡಿಟಿ ಹೊಡೆಸಿ, ಮೊದಲ ವರ್ಷದ ಫಲಿತಾಂಶವನ್ನ 1947ರಲ್ಲಿ ಪ್ರಕಟಿಸಿದ್ರು. ಭಾರತದ ಹಳ್ಳಿಗಳಲ್ಲಿ ಡಿಡಿಟಿಯಿಂದ ಮಲೇರಿಯಾ ತಡೆಯಬಹುದು ಅಂತ ತೋರಿಸಿದ ಮೊದಮೊದಲ ಕೆಲಸಗಳಲ್ಲಿ ಇದೂ ಒಂದು. ಕಾಡಿನ ಕಡೆ ಹರಿಯೋ ಹಳ್ಳಗಳಲ್ಲಿ ಹುಟ್ಟೋ ಸೊಳ್ಳೆ ಬೇರೆ, ಬಯಲಿನ ಸೊಳ್ಳೆ ಬೇರೆ. ಆದ್ರೆ ರಕ್ತ ಕುಡಿದಮೇಲೆ ಹತ್ತಿರದ ಗೋಡೆ ಮೇಲೆ ಕೂತು ಸುಧಾರಿಸಿಕೊಳ್ಳೋ ಚಟ ಎರಡಕ್ಕೂ ಇದೆ. ಆ ಗೋಡೆಗೇ ಔಷಧ ಬಳಿದಿಟ್ರೆ ಸೊಳ್ಳೆಯನ್ನ ಹುಡುಕಿಕೊಂಡು ಹೋಗೋದೇ ಬೇಡ. ಪುಡಿಯನ್ನ ನೀರಿನಲ್ಲಿ ಕಲಸಿ, ಗೋಡೆಯ ಒಂದು ಚದರ ಮೀಟರಿಗೆ ಸುಮಾರು ಒಂದು ಗ್ರಾಂ ಡಿಡಿಟಿ ಉಳಿಯೋ ಹಾಗೆ ಹೊಡೆದ್ರೆ ತಿಂಗಳುಗಟ್ಟಲೆ ಕೆಲಸ ಮಾಡುತ್ತೆ.

ಇದರ ಫಲ ಸಣ್ಣದಲ್ಲ. ಸ್ವಾತಂತ್ರ್ಯದ ಹೊತ್ತಿಗೆ ದೇಶದಲ್ಲಿ ವರ್ಷಕ್ಕೆ 7.5 ಕೋಟಿ ಜನರಿಗೆ ಮಲೇರಿಯಾ ಬರ್ತಿತ್ತು, 8 ಲಕ್ಷ ಜನ ಸಾಯ್ತಿದ್ರು ಅನ್ನೋದು ಆಗಿನ ಅಂದಾಜು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಯ್ತು. 1960ರ ದಶಕದ ನಡುವೆ ರೋಗಿಗಳ ಸಂಖ್ಯೆ ಒಂದು ಲಕ್ಷದ ಆಸುಪಾಸಿಗೆ ಇಳಿದಿತ್ತು. ನಮ್ಮ ಮುತ್ತಜ್ಜನ ಕಾಲದವರು "ಚಳಿಜ್ವರ" ಅಂತ ಹೆದರ್ತಿದ್ದ ರೋಗವನ್ನ ಮೊಮ್ಮಕ್ಕಳು ಪಾಠದಲ್ಲಿ ಓದೋ ಹಾಗಾಯ್ತು. ಹಾಗಾಗಿ ಡಿಡಿಟಿಯನ್ನ ಬರೀ ಖಳನಾಯಕ ಮಾಡೋಕೆ ನನಗೆ ಮನಸ್ಸಿಲ್ಲ.

ತೊಂದರೆ ಇದ್ದದ್ದು ಅದು ನಮಗೆ ಕಲಿಸಿದ ರೂಢಿಯಲ್ಲಿ. ಒಣ ಡಿಡಿಟಿ ಪುಡಿ ಚರ್ಮದ ಮೂಲಕ ಮೈಗೆ ಇಳಿಯೋದು ಬಹಳ ಕಡಿಮೆ. ಎಣ್ಣೆಯಲ್ಲಿ ಕರಗಿಸಿದ್ರೆ ಮಾತ್ರ ಸರಾಗವಾಗಿ ಇಳಿಯುತ್ತೆ. ನೇಪಲ್ಸ್‌ನಲ್ಲಿ ಜನ ಬಚಾವಾದದ್ದಕ್ಕೆ ಇದೂ ಒಂದು ಕಾರಣ. ಹಳ್ಳಿಗಳಲ್ಲೂ ಹಾಗೇ ಆಯ್ತು. ಬರಿಗೈಯಲ್ಲಿ ಕಲಸಿದವರು ಮರುದಿನ ಹೊಲಕ್ಕೆ ಹೋದ್ರು. ಅದನ್ನ ನೋಡಿದ ಜನ "ಪುಡಿ ಅಂದ್ರೆ ಏನೂ ಆಗೂದಿಲ್ಲ" ಅಂತ ತೀರ್ಮಾನ ಮಾಡಿದ್ರು. ಭಾಷೆಯೂ ಸಹಾಯ ಮಾಡ್ತು. ನಮ್ಮ ಕಡೆ ಕೀಟನಾಶಕಕ್ಕೆ ವಿಷ ಅನ್ನಲ್ಲ, ಔಷಧ ಅಂತಾರ, ಇಲ್ಲಾ ಎಣ್ಣಿ ಅಂತಾರ. ನಮ್ಮ ಆಯಿಗೆ ಒಮ್ಮೆ ಈ ಬಗ್ಗೆ ಕೇಳಿದ್ದೆ. "ವಿಷ ಆಗಿದ್ರ ಸರಕಾರದವ್ರು ಮನಿ ಒಳಗ ಬಂದು ಯಾಕ ಹೊಡೀತಿದ್ರೋ ತಮ್ಮಾ?" ಅಂದ್ಲು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳ ತರ್ಕ ಸರಿಯಾಗೇ ಇತ್ತು.

ಡಿಡಿಟಿಗೆ ಕಲಿತ ಈ ಸಲುಗೆಯನ್ನ ಜನ ಉಳಿದ ಪುಡಿಗಳಿಗೂ ಕೊಟ್ರು. ಬಿಎಚ್‌ಸಿ ಬಂತು. ಕಮಟು ವಾಸನೆ, ಕಣ್ಣು ಮೂಗಿಗೆ ಉರಿ. ಇರುವೆಗೆ ಅದೇ, ಕಾಳಿನ ಚೀಲದ ಸುತ್ತ ಅದೇ, ಕೆಲವು ಮನೆಗಳಲ್ಲಿ ತಲೆಯ ಹೇನಿಗೂ ಅದೇ. ಚೀಲ ಖಾಲಿಯಾದ್ರೆ ಝಾಡಿಸಿ ಜೋಳ ತುಂಬೋದು, ಡಬ್ಬಿ ಖಾಲಿಯಾದ್ರೆ ತೊಳೆದು ನೀರು ತುಂಬೋದು. ಒಳ್ಳೇ ಡಬ್ಬಿಯನ್ನ ಎಸೆಯೋ ಶ್ರೀಮಂತಿಕೆ ಯಾರಿಗಿತ್ತು?

ಈ ಸಲುಗೆಯ ಬೆಲೆ ಎಷ್ಟು ಅಂತ ದೇಶಕ್ಕೆ ಗೊತ್ತಾಗಿದ್ದು 1958ರಲ್ಲಿ, ಕೇರಳದಲ್ಲಿ. ಪ್ಯಾರಾಥಿಯಾನ್ ಅನ್ನೋ ಕೀಟನಾಶಕವನ್ನ ಆಹಾರ ಪದಾರ್ಥಗಳ ಜೊತೆಗೇ ಸಾಗಿಸಿದ್ರು. ಅದು ಸೋರಿ ಆಹಾರಕ್ಕೆ ಸೇರ್ತು. ನೂರಕ್ಕೂ ಹೆಚ್ಚು ಜನ ಸತ್ರು. ಪ್ಯಾರಾಥಿಯಾನ್ ಡಿಡಿಟಿಯ ಹಾಗೆ ಕ್ಷಮಿಸೋ ಜಾತಿಯದಲ್ಲ, ನರಗಳಿಗೇ ಕೈ ಹಾಕೋದು. ಅಲ್ಲಿ ಯಾರೂ ಬೇಕಂತ ವಿಷ ಹಾಕಿರಲಿಲ್ಲ. ಎರಡು ಸರಕನ್ನ ಒಂದೇ ಕಡೆ ಇಟ್ಟಿದ್ರು, ಅಷ್ಟೇ.

ಆ ದುರಂತದ ನಂತರ ಕಾನೂನು ಬರೋಕೆ ಹತ್ತು ವರ್ಷ ಹಿಡೀತು. 1968ರಲ್ಲಿ ಕೀಟನಾಶಕ ಕಾಯ್ದೆ, 1971ರಲ್ಲಿ ಅದರ ನಿಯಮಗಳು. ಆ ನಿಯಮಗಳನ್ನ ಓದಿದ್ರೆ ಒಂದೊಂದು ಸಾಲಿನ ಹಿಂದೆಯೂ ಯಾರದೋ ಮನೆಯ ಅಡುಗೆಕೋಣೆ ಕಾಣಿಸುತ್ತೆ. ಕೀಟನಾಶಕವನ್ನ ಬೇರೆ ಕೋಣೆಯಲ್ಲಿಡಿ, ಇಲ್ಲಾ ಬೇರೆ ಕಪಾಟಿನಲ್ಲಿಟ್ಟು ಬೀಗ ಹಾಕಿ. ಆಹಾರಕ್ಕೂ ದನದ ಮೇವಿಗೂ ತಾಗಿಸಬೇಡಿ. ಖಾಲಿ ಡಬ್ಬಿಯನ್ನ ಮತ್ತೆ ಯಾರೂ ಬಳಸದ ಹಾಗೆ ಒಡೆದು, ಮನೆಗಳಿಂದ ದೂರ ಹೂಳಿ. ಕೆಲಸ ಮಾಡೋರಿಗೆ ರಕ್ಷಣೆಯ ಬಟ್ಟೆ ಕೊಡಿ. ಕೀಟನಾಶಕದ ಡಬ್ಬಿ ಮೇಲೆ ಮೂಲೆ ಮೇಲಾಗಿ ನಿಂತ ಚೌಕ ನೋಡಿದ್ದೀರಲ್ಲ, ಅದೂ ಈ ನಿಯಮದ್ದೇ. ಕೆಳಗಿನ ಅರ್ಧದ ಬಣ್ಣ ಕೆಂಪಾದ್ರೆ ಅತಿ ಘೋರ, ಆಮೇಲೆ ಹಳದಿ, ನೀಲಿ, ಹಸಿರು. ಓದು ಬರಹ ಬಾರದವರಿಗೂ ತಿಳೀಲಿ ಅಂತ ಬಣ್ಣ. ಆದ್ರೆ ಅಂಗಡಿಯವನು ಅದನ್ನ ಬಿಚ್ಚಿ ಕಾಗದದ ಪೊಟ್ಟಣದಲ್ಲಿ ಕಟ್ಟಿಕೊಟ್ಟರೆ ಯಾವ ಬಣ್ಣ ಕಾಣಬೇಕು?

ಉಳಿದದ್ದು ನಿಮಗೆ ಗೊತ್ತಿರೋ ಇತಿಹಾಸ. 1962ರಲ್ಲಿ ರೇಚೆಲ್ ಕಾರ್ಸನ್ ಪುಸ್ತಕ ಬಂತು. ಡಿಡಿಟಿ ತಕ್ಷಣ ಕೊಲ್ಲದಿದ್ರೂ ಮಣ್ಣಲ್ಲಿ, ಕೊಬ್ಬಿನಲ್ಲಿ, ಹಾಲಿನಲ್ಲಿ ಉಳಿದುಬಿಡುತ್ತೆ ಅನ್ನೋದು ಜಗಜ್ಜಾಹೀರಾಯ್ತು. ಸೊಳ್ಳೆಗಳೂ ಒಗ್ಗಿಕೊಂಡವು, 1976ರಲ್ಲಿ ದೇಶದಲ್ಲಿ ಮಲೇರಿಯಾ ಮತ್ತೆ 64 ಲಕ್ಷ ಮುಟ್ಟಿತು. 1989ರಲ್ಲಿ ಬೇಸಾಯದಿಂದ ಡಿಡಿಟಿಯನ್ನ ಹೊರಗಿಟ್ರು. 1997ರಲ್ಲಿ ಬಿಎಚ್‌ಸಿ ನಿಷೇಧ ಆಯ್ತು.

ಪುಡಿಗಳು ಹೋದವು, ರೂಢಿ ಹೋಗಿಲ್ಲ. ನೀವಿರೋ ಅಪಾರ್ಟ್‌ಮೆಂಟಿನ ಪಂಪ್ ರೂಮಿಗೆ ಒಮ್ಮೆ ಇಣುಕಿ ನೋಡಿ. ಬಾಯಿ ತೆರೆದ ಬ್ಲೀಚಿಂಗ್ ಪೌಡರ್ ಚೀಲ, ಅದರ ಪಕ್ಕದಲ್ಲೇ ಆಸಿಡ್ ಬಾಟಲಿ ಇರಬಹುದು. ಅವೆರಡೂ ಕೂಡಿದ್ರೆ ಕ್ಲೋರಿನ್ ಅನಿಲ ಏಳುತ್ತೆ. ಚೀಲಕ್ಕೆ ತೇವ ತಾಗಿದ್ರೆ ಪೌಡರಿನ ಶಕ್ತಿಯೂ ಹೋಗುತ್ತೆ, ಕೋಣೆ ತುಂಬ ಘಾಟೂ ಏಳುತ್ತೆ. ಯಾವ ಪುಡಿಯೇ ಆಗಲಿ, ಹೆಚ್ಚು ಧೂಳು ಏಳೋದು ಚೀಲ ಬಿಚ್ಚಿ ಸುರಿಯುವಾಗ. ಆ ಹೊತ್ತಿಗೆ ಸುರಿಯೋ ಹುಡುಗನ ಮೂಗಿಗಿರೋದು ಒಂದು ಟವೆಲ್. ಅವನೂ ಬಹುಶಃ ನಮ್ಮ ಕಡೆಯವನೇ. ಅವನಿಗೆ ಮಾಸ್ಕು, ಗಾಗಲ್ಸು, ಕೈಗವಸು ಕೊಡೋಕೆ, ಪೌಡರಿಗೊಂದು ಮುಚ್ಚಳ ಗಟ್ಟಿಯಾದ ಡ್ರಮ್ಮು ತರೋಕೆ, ಆಸಿಡ್ ಬಾಟಲಿಯನ್ನ ಬೇರೆ ಕೋಣೆಗೆ ಸಾಗಿಸೋಕೆ ಅಸೋಸಿಯೇಷನ್ನಿನ ಒಂದು ತಿಂಗಳ ಮೀಟಿಂಗು ಸಾಕು. "ಏನೂ ಆಗಲ್ಲ ಬಿಡಿ ಸರ್" ಅಂತ ಅವನೇ ಹೇಳ್ತಾನೆ. ಆ ಮಾತು ಎಲ್ಲಿಂದ ಬಂತು ಅಂತ ಈಗ ನಿಮಗೆ ಗೊತ್ತು.