ಮುಂಬೈ ರಸ್ತೆಗೆ ಯಾವ ಐಷಾರಾಮಿ ಎಸ್‌ಯುವಿ? ಎಕ್ಸ್1, ಜಿಎಲ್‌ಎ, ಕ್ಯೂ3 ಬಲಾಬಲ

ಮೊದಲ ಬಾರಿ ಐಷಾರಾಮಿ ಎಸ್‌ಯುವಿ ಕೊಳ್ಳುವ ಮುಂಬೈ ಗ್ರಾಹಕರ ಕಣ್ಣು ಸಾಮಾನ್ಯವಾಗಿ ಬೀಳುವುದು ಬಿಎಂಡಬ್ಲ್ಯು ಎಕ್ಸ್1, ಮರ್ಸಿಡಿಸ್ ಬೆಂಝ್ ಜಿಎಲ್‌ಎ ಮತ್ತು ಆಡಿ ಕ್ಯೂ3 ಮೇಲೆ. ಆದರೆ ಅಂಧೇರಿ, ಕುರ್ಲಾದ ಟ್ರಾಫಿಕ್‌ನಲ್ಲಿ ಎಂಜಿನ್ ಶಕ್ತಿಗಿಂತ ಹಿಂದಿನ ಸೀಟೇ ಮುಖ್ಯ. ಡ್ರೈವರ್ ಇಟ್ಟುಕೊಳ್ಳುವವರಂತೂ ಟೆಸ್ಟ್ ಡ್ರೈವ್‌ನಲ್ಲಿ ಹಿಂದೆಯೇ ಕೂತು ನೋಡುವುದು ಒಳ್ಳೆಯದು.

ಇದರಲ್ಲಿ 2023ರಲ್ಲಿ ಭಾರತಕ್ಕೆ ಬಂದ ಹೊಸ ತಲೆಮಾರಿನ ಎಕ್ಸ್1 ಮುಂದಿದೆ. ಕಾಲು ಚಾಚಲು ಧಾರಾಳ ಜಾಗವಿದೆ. ಪೆಟ್ರೋಲ್ ಆವೃತ್ತಿಯ 1.5 ಲೀಟರ್, ಮೂರು ಸಿಲಿಂಡರ್, 136 ಅಶ್ವಶಕ್ತಿಯ ಎಂಜಿನ್ ಮಾತ್ರ ಸಾಧಾರಣ. ಸುಮಾರು 4.4 ಮೀಟರ್ ಉದ್ದದ ಜಿಎಲ್‌ಎ ಮೂರರಲ್ಲಿ ಚಿಕ್ಕದು. ಹಳೆಯ ಸೊಸೈಟಿಗಳ ಪಾರ್ಕಿಂಗ್‌ಗೆ ಅನುಕೂಲ, ಹಿಂದೆ ಮೂವರು ಕೂತರೆ ಇಕ್ಕಟ್ಟು.

ಕ್ಯೂ3ಯಲ್ಲಿ 2 ಲೀಟರ್, 190 ಅಶ್ವಶಕ್ತಿಯ ಪೆಟ್ರೋಲ್ ಎಂಜಿನ್, 530 ಲೀಟರ್ ಡಿಕ್ಕಿ ಇದೆ. ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಕ್ವಾಟ್ರೊ, ಮಳೆಗಾಲದ ಖಂಡಾಲಾ ಘಾಟ್‌ನಲ್ಲಿ ಧೈರ್ಯ ಕೊಡುತ್ತದೆ. ಹಾಗೆಂದು ಹಿಂದ್‌ಮಾತಾದಲ್ಲಿ ನಿಂತ ನೀರಿಗೆ ಕಾರು ಇಳಿಸಬೇಡಿ! ಡೀಸೆಲ್ ಆಯ್ಕೆ ಇಲ್ಲದಿರುವುದು ಇದರ ಕೊರತೆ.

ಆದರೆ ಡೀಸೆಲ್‌ಗೂ ಬೆಲೆ ತೆರಬೇಕು. ಮಹಾರಾಷ್ಟ್ರದಲ್ಲಿ 20 ಲಕ್ಷ ರೂ. ಮೀರಿದ ಕಾರನ್ನು ಸ್ವಂತ ಹೆಸರಲ್ಲಿ ನೋಂದಾಯಿಸಿದರೆ ಒಂದು ಬಾರಿಯ ತೆರಿಗೆ ಪೆಟ್ರೋಲ್‌ಗೆ ಶೇ.13, ಡೀಸೆಲ್‌ಗೆ ಶೇ.15. ಅಂದರೆ 50 ಲಕ್ಷದ ಕಾರಿಗೆ 1 ಲಕ್ಷ ರೂ. ವ್ಯತ್ಯಾಸ. ಕಂಪನಿ ಹೆಸರಿನಲ್ಲಾದರೆ ಶೇ.20.

ಮನೆಯಲ್ಲೇ ಚಾರ್ಜಿಂಗ್‌ಗೆ ಸೊಸೈಟಿ ಒಪ್ಪಿದರೆ, 2025ರಲ್ಲಿ 49 ಲಕ್ಷ ರೂ. ಎಕ್ಸ್-ಶೋರೂಂ ಬೆಲೆಗೆ ಬಂದ ಎಲೆಕ್ಟ್ರಿಕ್ ಐಎಕ್ಸ್1 ಅನ್ನೂ ನೋಡಬಹುದು. ಅಟಲ್ ಸೇತುವಿನಲ್ಲಿ ಎಲೆಕ್ಟ್ರಿಕ್ ಕಾರುಗಳಿಗೆ 2025ರ ಆಗಸ್ಟ್‌ನಲ್ಲಿ ಟೋಲ್ ವಿನಾಯಿತಿ ಜಾರಿಗೆ ಬಂದಿದೆ.