ಕಿಣ್ವ

ಕನ್ನಡದ ವಿಜ್ಞಾನ ಪುಸ್ತಕಗಳಲ್ಲಿ 'ಎನ್‌ಜೈಮ್'ಗೆ ಸಾಟಿಯಾಗಿ ನೆಲೆನಿಂತಿರುವ 'ಕಿಣ್ವ' ಸಂಸ್ಕೃತದಿಂದ ಬಂದುದಾಗಿದ್ದು, ಮೂಲದಲ್ಲಿ ಮದ್ಯ ತಯಾರಿಕೆಗೆ ಬೆರೆಸುತ್ತಿದ್ದ ಹುದುಗನ್ನು ಸೂಚಿಸುತ್ತಿತ್ತು. ಕೌಟಿಲ್ಯನ ಅರ್ಥಶಾಸ್ತ್ರದ ಸುರಾಧ್ಯಕ್ಷ ಪ್ರಕರಣ ಅದನ್ನು ಉದ್ದು, ಅಕ್ಕಿಗಳಿಂದ ಸಿದ್ಧಪಡಿಸುವ ಕ್ರಮವನ್ನೇ ಹೇಳುತ್ತದೆ. ಜರ್ಮನಿಯ ವಿಜ್ಞಾನಿ ವಿಲ್ಹೆಲ್ಮ್ ಕ್ಯೂನೆ 1870ರ ದಶಕದಲ್ಲಿ ಬಳಕೆಗೆ ತಂದ 'ಎನ್‌ಜೈಮ್' ಪದಕ್ಕೂ ಗ್ರೀಕ್ ಮೂಲದಲ್ಲಿ 'ಹುದುಗಿನೊಳಗಿನದು' ಎಂದೇ ಅರ್ಥವಿದೆ; ಪಾರಿಭಾಷಿಕ ಪದಗಳಲ್ಲಿ ಇಷ್ಟು ಸಹಜವಾದ ಹೊಂದಾಣಿಕೆ ಅಪರೂಪ.

ಆದರೆ ಉತ್ತರ ಕನ್ನಡದ ರಾಮನಗುಳಿಯ ಕ್ಯಾನ್ಸರ್ ರೋಗಿಯೊಬ್ಬರು ಅಂಕೋಲೆಯಲ್ಲೋ ಕಾರವಾರದಲ್ಲೋ ರಕ್ತ ಕೊಟ್ಟು ಪಡೆಯುವ ವರದಿಯಲ್ಲಿ ಸಾಮಾನ್ಯವಾಗಿ 'ಕಿಣ್ವ' ಎಂಬ ಪದ ಕಾಣುವುದಿಲ್ಲ. ಅಲ್ಲಿ 'ಎಎಲ್‌ಪಿ', 'ಎಲ್‌ಡಿಎಚ್' (ಲ್ಯಾಕ್ಟೇಟ್ ಡಿಹೈಡ್ರೋಜಿನೇಸ್) ಮುಂತಾದ ಕಿಣ್ವಗಳ ಹ್ರಸ್ವಾಕ್ಷರಗಳಿರುತ್ತವೆ. ಎಎಲ್‌ಪಿ, ಅಂದರೆ ಕ್ಷಾರೀಯ ಫಾಸ್ಫಟೇಸ್, ಯಕೃತ್ತು ಮತ್ತು ಮೂಳೆಗಳಲ್ಲಿ ಹೇರಳವಾಗಿರುವ ಕಿಣ್ವವಾದ್ದರಿಂದ, ಕ್ಯಾನ್ಸರ್ ಆ ಅಂಗಗಳಿಗೆ ಹರಡಿದಾಗ ರಕ್ತದಲ್ಲಿ ಅದರ ಮಟ್ಟ ಏರಬಹುದು. ಆದರೆ ಬೆಳೆಯುವ ಮಕ್ಕಳಲ್ಲಿ, ಗರ್ಭಿಣಿಯರಲ್ಲಿ, ಮುರಿದ ಮೂಳೆ ಕೂಡಿಕೊಳ್ಳುತ್ತಿರುವವರಲ್ಲಿ, ಪಿತ್ತನಾಳಕ್ಕೆ ಕಲ್ಲು ಅಡ್ಡ ಬಂದವರಲ್ಲಿಯೂ ಅದು ಏರುವುದರಿಂದ, ಏರಿದ ಅಂಕಿಯೊಂದನ್ನೇ ಹಿಡಿದು ಗಾಬರಿಗೊಳ್ಳುವುದು ತರವಲ್ಲ. ವೈದ್ಯರು ಅದನ್ನು ಸ್ಕ್ಯಾನ್, ಬಯಾಪ್ಸಿಗಳ ಜೊತೆಗಿಟ್ಟೇ ಓದುತ್ತಾರೆ.

ಈ ಬಗೆಯ ಸೂಚಕಗಳ ಇತಿಹಾಸದಲ್ಲಿ ಮುಖ್ಯವಾದುದು ಆಮ್ಲೀಯ ಫಾಸ್ಫಟೇಸ್: ಹರಡಿದ ಪ್ರಾಸ್ಟೇಟ್ ಕ್ಯಾನ್ಸರಿನಲ್ಲಿ ರಕ್ತದಲ್ಲಿ ಅದು ಹೆಚ್ಚುವುದನ್ನು ಸಂಶೋಧಕರಾದ ಅಲೆಕ್ಸಾಂಡರ್ ಮತ್ತು ಎಥೆಲ್ ಗಟ್ಮನ್ 1938ರಲ್ಲಿ ವರದಿ ಮಾಡಿದರು. ಮುಂದೆ ಅದನ್ನು ಬದಿಗೆ ಸರಿಸಿದ 'ಪಿಎಸ್‌ಎ' (ಪ್ರಾಸ್ಟೇಟ್-ನಿರ್ದಿಷ್ಟ ಪ್ರತಿಜನಕ) ಕೂಡ ಪ್ರೋಟೀನನ್ನು ಸೀಳುವ ಒಂದು ಕಿಣ್ವವೇ.