ಫಿಸ್ಕ್ ಜೂಬಿಲಿ ಗಾಯಕರ ವಿದೇಶ ಯಾತ್ರೆಗಳು

ಫಿಸ್ಕ್ ಜೂಬಿಲಿ ಗಾಯಕರು ಅಮೆರಿಕ ಸಂಯುಕ್ತ ಸಂಸ್ಥಾನದ ಟೆನೆಸ್ಸಿ ರಾಜ್ಯದ ನ್ಯಾಶ್‌ವಿಲ್ ನಗರದಲ್ಲಿರುವ ಫಿಸ್ಕ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಸಮೂಹಗಾನ ತಂಡ. 1871ರಲ್ಲಿ ಆರಂಭವಾದ ಈ ತಂಡವು 1873ರಿಂದ 1878ರ ನಡುವೆ ಎರಡು ಬಾರಿ ಯುರೋಪಿಗೆ ತೆರಳಿ, ಚರ್ಚುಗಳಲ್ಲಿ ಮತ್ತು ಸಭಾಂಗಣಗಳಲ್ಲಿ ಹಾಡಿ ತನ್ನ ವಿದ್ಯಾಸಂಸ್ಥೆಗೆ ನಿಧಿ ಸಂಗ್ರಹಿಸಿತು. ಆಫ್ರಿಕನ್ ಅಮೆರಿಕನ್ನರು ಗುಲಾಮಗಿರಿಯ ಕಾಲದಲ್ಲಿ ಹಾಡುತ್ತಿದ್ದ 'ಸ್ಪಿರಿಚುವಲ್' ಎಂಬ ಭಕ್ತಿಗೀತೆಗಳು ಹೊರಜಗತ್ತಿಗೆ ಪರಿಚಯವಾಗಲು ಈ ಯಾತ್ರೆಗಳು ಮುಖ್ಯ ಕಾರಣವಾದವು.

ಹಿನ್ನೆಲೆ

ಅಮೆರಿಕದ ಅಂತರ್ಯುದ್ಧ ಮುಗಿದ ಮರುವರ್ಷ, 1866ರಲ್ಲಿ, ಅಮೆರಿಕನ್ ಮಿಷನರಿ ಅಸೋಸಿಯೇಷನ್ ಎಂಬ ಕ್ರೈಸ್ತ ಸಂಸ್ಥೆಯು ಗುಲಾಮಗಿರಿಯಿಂದ ಬಿಡುಗಡೆ ಹೊಂದಿದವರಿಗಾಗಿ ಫಿಸ್ಕ್ ಶಾಲೆಯನ್ನು ತೆರೆಯಿತು. ಐದು ವರ್ಷಗಳಲ್ಲಿ ಶಾಲೆ ಸಾಲದಲ್ಲಿ ಮುಳುಗಿ ಮುಚ್ಚುವ ಸ್ಥಿತಿಗೆ ತಲುಪಿತು. ಆಗ ಖಜಾಂಚಿಯೂ ಸಂಗೀತ ಶಿಕ್ಷಕರೂ ಆಗಿದ್ದ ಜಾರ್ಜ್ ಎಲ್. ವೈಟ್ ಒಂಬತ್ತು ವಿದ್ಯಾರ್ಥಿಗಳ ತಂಡವನ್ನು ಕಟ್ಟಿ, 1871ರ ಅಕ್ಟೋಬರ್ 6ರಂದು ಗಾಯನ ಪ್ರವಾಸಕ್ಕೆ ಹೊರಟರು. ತಂಡದ ಹೆಚ್ಚಿನ ಸದಸ್ಯರು ಗುಲಾಮರಾಗಿ ಹುಟ್ಟಿದವರು. ಪಿಯಾನೊ ವಾದಕಿ ಎಲ್ಲಾ ಶೆಪರ್ಡ್ ತಂಡಕ್ಕೆ ತರಬೇತಿ ನೀಡುವಲ್ಲಿ ವೈಟ್ ಅವರಿಗೆ ನೆರವಾಗುತ್ತಿದ್ದರು.

ಆರಂಭದಲ್ಲಿ ತಂಡವು ಹೆಚ್ಚಾಗಿ ಅಂದಿನ ಜನಪ್ರಿಯ ಪಾಶ್ಚಾತ್ಯ ಗೀತೆಗಳನ್ನು ಹಾಡುತ್ತಿತ್ತು. ಸ್ಪಿರಿಚುವಲ್‌ಗಳು ತಂದೆತಾಯಿಯರ ಪ್ರಾರ್ಥನೆಗೆ ಸೇರಿದ ಪವಿತ್ರ ಹಾಡುಗಳೆಂಬ ಭಾವನೆಯಿಂದ ಅವನ್ನು ಪರರ ಮುಂದೆ ಹಾಡಲು ಸದಸ್ಯರು ಹಿಂಜರಿಯುತ್ತಿದ್ದರು. ಅವು ಗುಲಾಮಗಿರಿಯ ನೋವನ್ನೂ ನೆನಪಿಸುತ್ತಿದ್ದವು. 1871ರ ನವೆಂಬರ್‌ನಲ್ಲಿ ಒಹಾಯೊ ರಾಜ್ಯದ ಓಬರ್ಲಿನ್‌ನಲ್ಲಿ ನಡೆದ ಚರ್ಚ್ ಪ್ರತಿನಿಧಿಗಳ ಸಭೆಯಲ್ಲಿ ಈ ಗೀತೆಗಳಿಗೆ ದೊರೆತ ಮನ್ನಣೆಯ ನಂತರ ಅವು ಕಾರ್ಯಕ್ರಮದ ಮುಖ್ಯ ಭಾಗವಾದವು. ಬೈಬಲ್‌ನ ಯಾಜಕಕಾಂಡದಲ್ಲಿ ದಾಸರ ಬಿಡುಗಡೆಯ ವರ್ಷವೆಂದು ಹೇಳಲಾದ 'ಜೂಬಿಲಿ'ಯ ಹೆಸರನ್ನು ವೈಟ್ ತಂಡಕ್ಕೆ ಇಟ್ಟರು. 1872ರಲ್ಲಿ ತಂಡವು ಶ್ವೇತಭವನದಲ್ಲಿ ಅಧ್ಯಕ್ಷ ಯುಲಿಸಿಸ್ ಎಸ್. ಗ್ರಾಂಟ್ ಅವರ ಮುಂದೆ ಹಾಡಿತು. ಇಷ್ಟಾದರೂ ವರ್ಣಭೇದದಿಂದಾಗಿ ಅನೇಕ ಹೋಟೆಲುಗಳು ಗಾಯಕರಿಗೆ ತಂಗಲು ಅವಕಾಶ ಕೊಡುತ್ತಿರಲಿಲ್ಲ.

ಮೊದಲ ಯಾತ್ರೆ (1873–74)

1873ರ ವಸಂತದಲ್ಲಿ ತಂಡವು ಬ್ರಿಟನ್ನಿಗೆ ಪ್ರಯಾಣ ಬೆಳೆಸಿತು. ಲಂಡನ್ನಿನಲ್ಲಿ ಶಾಫ್ಟ್ಸ್‌ಬರಿಯ ಅರ್ಲ್ ತಂಡಕ್ಕೆ ಬೆಂಬಲವಾಗಿ ನಿಂತರು. ಮೇ ತಿಂಗಳಲ್ಲಿ ಆರ್ಗೈಲ್‌ನ ಡ್ಯೂಕ್ ಅವರ ಮನೆಯಲ್ಲಿ ರಾಣಿ ವಿಕ್ಟೋರಿಯಾ ಗಾಯನವನ್ನು ಆಲಿಸಿದರು. ಪ್ರಧಾನಿ ವಿಲಿಯಂ ಗ್ಲ್ಯಾಡ್‌ಸ್ಟನ್ ಅವರೂ ಗಾಯಕರನ್ನು ತಮ್ಮ ಮನೆಗೆ ಆಹ್ವಾನಿಸಿದ್ದರು. ಪ್ರಸಿದ್ಧ ಬೋಧಕ ಚಾರ್ಲ್ಸ್ ಸ್ಪರ್ಜನ್ ಅವರ ಮೆಟ್ರೊಪಾಲಿಟನ್ ಟ್ಯಾಬರ್ನೆಕಲ್ ಚರ್ಚ್‌ನಲ್ಲಿ ತಂಡವು ಹಾಡಿತು. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್‌ಗಳಲ್ಲಿ ಚರ್ಚ್ ಸಭೆಗಳೇ ಬಹುಮಟ್ಟಿಗೆ ಇವರ ವೇದಿಕೆಗಳಾಗಿದ್ದವು. ಈ ಯಾತ್ರೆಯಿಂದ ಸುಮಾರು 50,000 ಡಾಲರ್ ಸಂಗ್ರಹವಾಯಿತು. ಚಿತ್ರಕಾರ ಎಡ್ಮಂಡ್ ಹ್ಯಾವೆಲ್ ಲಂಡನ್ನಿನಲ್ಲಿ ಬಿಡಿಸಿದ ತಂಡದ ಬೃಹತ್ ತೈಲಚಿತ್ರ ಇಂದಿಗೂ ವಿಶ್ವವಿದ್ಯಾಲಯದಲ್ಲಿದೆ.

ಎರಡನೆಯ ಯಾತ್ರೆ (1875–78)

ಎರಡನೆಯ ಯಾತ್ರೆಯಲ್ಲಿ ತಂಡವು ಬ್ರಿಟನ್ ಜೊತೆಗೆ ನೆದರ್ಲೆಂಡ್ಸ್ ಮತ್ತು ಜರ್ಮನಿಗಳಿಗೂ ಭೇಟಿ ನೀಡಿತು. ಇಂಗ್ಲಿಷ್ ತಿಳಿಯದ ಶ್ರೋತೃಗಳು ಗೀತೆಗಳ ಭಾಷೆಗಿಂತ ಅವುಗಳ ಸ್ವರಮೇಳಕ್ಕೆ ಮನಸೋತರು. ಜರ್ಮನಿಯಲ್ಲಿ ಚಕ್ರವರ್ತಿ ಒಂದನೇ ವಿಲ್ಹೆಲ್ಮ್ ಅವರ ಕುಟುಂಬವು ಗಾಯನವನ್ನು ಕೇಳಿತು. ಆದರೆ ಬಿಡುವಿಲ್ಲದ ಪ್ರಯಾಣ, ಚಳಿ ಮತ್ತು ನಿತ್ಯದ ಕಾರ್ಯಕ್ರಮಗಳಿಂದ ಗಾಯಕರ ಆರೋಗ್ಯ ಹದಗೆಟ್ಟಿತು. ವೈಟ್ ಅವರೂ ಅನಾರೋಗ್ಯಕ್ಕೆ ಒಳಗಾದರು. ಮೊದಲ ತಂಡದಲ್ಲಿದ್ದ ಬೆಂಜಮಿನ್ ಹೋಮ್ಸ್ ಕ್ಷಯರೋಗದಿಂದ ತೀರಿಕೊಂಡರು. ಸದಸ್ಯರ ನಡುವೆ ಮನಸ್ತಾಪಗಳೂ ಬೆಳೆದವು. 1878ರಲ್ಲಿ ಹ್ಯಾಂಬರ್ಗ್ ನಗರದಲ್ಲಿ ತಂಡವು ವಿಸರ್ಜನೆಗೊಂಡಿತು.

ಏಷ್ಯಾ ಮತ್ತು ಭಾರತ ಭೇಟಿ

ತಂಡದ ಮಂದ್ರಸ್ವರದ ಗಾಯಕ ಫ್ರೆಡರಿಕ್ ಲೌಡಿನ್ ಮುಂದೆ ವಿಶ್ವವಿದ್ಯಾಲಯದ ಆಡಳಿತದಿಂದ ಹೊರತಾದ ಸ್ವತಂತ್ರ ತಂಡವನ್ನು ನಡೆಸಿದರು. 1884ರಲ್ಲಿ ಹೊರಟ ಈ ತಂಡ ಆರು ವರ್ಷಗಳ ಕಾಲ ಬ್ರಿಟನ್, ಆಸ್ಟ್ರೇಲಿಯ, ನ್ಯೂಜಿಲೆಂಡ್, ಸಿಲೋನ್ (ಇಂದಿನ ಶ್ರೀಲಂಕಾ), ಭಾರತ, ಬರ್ಮಾ ಮತ್ತು ಜಪಾನ್‌ಗಳಲ್ಲಿ ಸಂಚರಿಸಿತು. ಭಾರತದಲ್ಲಿ ಗಾಯಕರು ಆಗ್ರಾದ ತಾಜ್‌ಮಹಲ್ ನೋಡಲು ಹೋದಾಗ ಅಲ್ಲಿಯೂ ಒಂದು ಸ್ಪಿರಿಚುವಲ್ ಹಾಡಿದ್ದರು. ಇದೇ ತಂಡದಲ್ಲಿದ್ದ ಆರ್ಫಿಯಸ್ ಮ್ಯಾಕಡೂ 1890ರಲ್ಲಿ ತಮ್ಮದೇ ತಂಡದೊಂದಿಗೆ ದಕ್ಷಿಣ ಆಫ್ರಿಕಾಕ್ಕೆ ತೆರಳಿದರು.

ಪರಿಣಾಮ

ಏಳು ವರ್ಷಗಳಲ್ಲಿ ಮೂಲ ತಂಡವು ಸಂಗ್ರಹಿಸಿದ ಮೊತ್ತವು ಸುಮಾರು 1,50,000 ಡಾಲರ್ ಎಂದು ಹೇಳಲಾಗುತ್ತದೆ. ಈ ನಿಧಿಯಿಂದ ಕಟ್ಟಿದ ಜೂಬಿಲಿ ಹಾಲ್ 1876ರ ಜನವರಿ 1ರಂದು ಉದ್ಘಾಟನೆಗೊಂಡಿತು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕಪ್ಪು ಜನರ ಶಿಕ್ಷಣಕ್ಕೆಂದು ಕಟ್ಟಿದ ಮೊದಲ ಶಾಶ್ವತ ಕಟ್ಟಡವೆಂದು ಇದನ್ನು ಪರಿಗಣಿಸಲಾಗಿದೆ.

ಅಂದಿನ ವೇದಿಕೆಗಳಲ್ಲಿ ಬಿಳಿಯ ನಟರು ಮುಖಕ್ಕೆ ಕಪ್ಪು ಬಳಿದುಕೊಂಡು ಕಪ್ಪು ಜನರನ್ನು ಗೇಲಿ ಮಾಡುವ 'ಮಿನ್‌ಸ್ಟ್ರೆಲ್' ಪ್ರದರ್ಶನಗಳು ಜನಪ್ರಿಯವಾಗಿದ್ದವು. ಗಂಭೀರ ನಿಲುವಿನಿಂದ ಹಾಡಿದ ಜೂಬಿಲಿ ಗಾಯಕರು ಆ ಚಿತ್ರಣಕ್ಕೆ ಪ್ರತಿಯಾಗಿ ನಿಂತರು. ಇನ್ನೊಂದೆಡೆ, ಬಾಯಿಂದ ಬಾಯಿಗೆ ಬಂದ ಗೀತೆಗಳನ್ನು ಸಂಗೀತ ಕಚೇರಿಗೆ ಹೊಂದುವಂತೆ ಪಾಶ್ಚಾತ್ಯ ಸ್ವರಮೇಳಕ್ಕೆ ಅಳವಡಿಸಿದ್ದರಿಂದ ಅವುಗಳ ಮೂಲರೂಪ ಬದಲಾಯಿತೆಂಬ ಅಭಿಪ್ರಾಯವೂ ವಿದ್ವಾಂಸರಲ್ಲಿದೆ.

ವಿದೇಶದಲ್ಲಿ ದೊರೆತ ಗೌರವ ಕೆಲವರ ಬದುಕಿನ ದಿಕ್ಕನ್ನೇ ಬದಲಿಸಿತು. ಥಾಮಸ್ ರಟ್ಲಿಂಗ್ ಮತ್ತು ಐಸಾಕ್ ಡಿಕರ್ಸನ್ ಬ್ರಿಟನ್ನಿನಲ್ಲಿಯೇ ನೆಲೆಸಿದರು. ತಾಯ್ನಾಡಿಗೆ ಮರಳಿದ ಎಲ್ಲಾ ಶೆಪರ್ಡ್ ನ್ಯಾಶ್‌ವಿಲ್‌ನಲ್ಲಿ ಸಮಾಜಸೇವೆಯನ್ನು ಮುಂದುವರಿಸಿದರು.

ಇಂದಿನ ತಂಡ

ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನೊಳಗೊಂಡ ತಂಡವು ಇಂದಿಗೂ ಕಾರ್ಯಕ್ರಮಗಳನ್ನು ನೀಡುತ್ತಿದೆ. ತಂಡಕ್ಕೆ 2008ರಲ್ಲಿ ಅಮೆರಿಕದ ರಾಷ್ಟ್ರೀಯ ಕಲಾ ಪದಕ ಮತ್ತು 2021ರಲ್ಲಿ ಗ್ರ್ಯಾಮಿ ಪ್ರಶಸ್ತಿ ಲಭಿಸಿದವು. ಪ್ರತಿವರ್ಷ ಅಕ್ಟೋಬರ್ 6ರಂದು ಮೊದಲ ಗಾಯಕರ ಸ್ಮರಣಾರ್ಥವಾಗಿ ಫಿಸ್ಕ್‌ನಲ್ಲಿ 'ಜೂಬಿಲಿ ದಿನ'ವನ್ನು ಆಚರಿಸಲಾಗುತ್ತದೆ.